ಗುರುಗುಟ್ಟುವುದನ್ನು ಬಿಟ್ಟ ನಾಯಿ ಏಕೆ ಕಚ್ಚಿತು?

ಪ್ರಶ್ನೆ: ನಾವು ಶಿವಮೊಗ್ಗದವರು. ಮೂರು ವರ್ಷದ ಹಿಂದೆ ಬೀದಿಯಲ್ಲಿ ಸಿಕ್ಕ ಮರಿಯೊಂದನ್ನು ತಂದು ಸಾಕಿದ್ದೇವೆ. ಹೆಸರು ಕೆಂಚ. ತಂದಾಗ ನಾಲ್ಕು ತಿಂಗಳ ಮರಿ ಇರಬಹುದು. ಮನೆಯೊಳಗೆ ಮಗುವಿನಂತೆ ಇರುತ್ತಾನೆ. ಆದರೆ ಹೊರಗೆ ಬೇರೆ ನಾಯಿ, ಸ್ಕೂಟರ್, ಹೆಲ್ಮೆಟ್ ಹಾಕಿದವರು ಕಂಡರೆ ಹಗ್ಗ ಜಗ್ಗಿ, ಎಗರಿ ಬೊಗಳುತ್ತಾನೆ. ಮೂಳೆ ಕಡಿಯುವಾಗ ಯಾರಾದರೂ ಹತ್ತಿರ ಹೋದರೆ ಗುರುಗುಟ್ಟುತ್ತಿದ್ದ. ಪರಿಚಯದ ತರಬೇತುದಾರರೊಬ್ಬರು ‘ಮನೆಗೆ ಯಜಮಾನ ಯಾರೆಂದು ತೋರಿಸಿ’ ಎಂದು ಚೋಕ್ ಚೈನ್ (ಜಗ್ಗಿದರೆ ಕುತ್ತಿಗೆ ಬಿಗಿಯುವ ಸರಪಳಿ) ಹಾಕಿಸಿದರು. ಗುರ್ ಎಂದಾಗಲೆಲ್ಲ ಚೈನ್ ಜಗ್ಗಿ ಗದರಿಸಿದೆವು. ಸ್ವಲ್ಪ ದಿನಗಳಲ್ಲೇ ಗುರುಗುಟ್ಟುವುದು ನಿಂತಿತು. ಕಳೆದ ವಾರ ನಮ್ಮ ಮಾವನವರು ಅವನ ಮುಂದಿದ್ದ ಮೂಳೆಯನ್ನು ಎತ್ತಲು ಬಗ್ಗಿದಾಗ ಸದ್ದಿಲ್ಲದೆ ಕೈ ಕಚ್ಚಿಬಿಟ್ಟ. ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ. ‘ಜಾತಿ ನಾಯಿ ತರಬೇಕಿತ್ತು, ಬೀದಿ ಬುದ್ಧಿ ಎಲ್ಲಿ ಹೋಗುತ್ತದೆ’ ಎಂದು ನೆಂಟರು ಹೇಳುತ್ತಿದ್ದಾರೆ. ಇವನು ಕೆಟ್ಟ ನಾಯಿಯೇ? ಎಲ್ಲಾದರೂ ಬಿಟ್ಟುಬರಬೇಕೇ?

ಉತ್ತರ: ಮೊದಲು ನಿಮ್ಮ ಮಾವನವರ ಕೈಯ ವಿಷಯ, ಕೆಂಚನ ಮಾತು ಆಮೇಲೆ. ಗಾಯಕ್ಕೆ ಏನು ಮಾಡಿದಿರಿ ಎಂದು ನೀವು ಬರೆದಿಲ್ಲ. ನಾಯಿ ಕಚ್ಚಿದ ಗಾಯವನ್ನು ತಕ್ಷಣ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬಾರದು. ವೈದ್ಯರನ್ನು ಇನ್ನೂ ಕಂಡಿಲ್ಲವಾದರೆ ಇವತ್ತೇ ಹೋಗಿ. ವಾರ ಕಳೆಯಿತಲ್ಲ ಎಂದು ಬಿಡಬೇಡಿ. ರೇಬೀಸ್ ಲಸಿಕೆಯನ್ನು ಸ್ನಾಯುವಿಗೆ ಕೊಡುವುದಾದರೆ 0, 3, 7, 14 ಮತ್ತು 28ನೇ ದಿನ, ಚರ್ಮದ ಪದರದೊಳಗೆ ಕೊಡುವುದಾದರೆ 0, 3, 7 ಮತ್ತು 28ನೇ ದಿನ ಕೊಡುತ್ತಾರೆ. ಮೊದಲ ಚುಚ್ಚುಮದ್ದು ಕೊಟ್ಟ ದಿನವೇ ಇಲ್ಲಿ 0. ರಕ್ತ ಬಂದಿದ್ದರೆ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕೇ ಎಂಬುದನ್ನೂ ವೈದ್ಯರೇ ನಿರ್ಧರಿಸುತ್ತಾರೆ. ಕೆಂಚನ ಲಸಿಕೆ ಪುಸ್ತಕವನ್ನು ಜೊತೆಗೆ ಒಯ್ಯಿರಿ. ಕಚ್ಚಿದ ದಿನದಿಂದ 10 ದಿನ ಅವನ ಮೇಲೆ ಕಣ್ಣಿಡಿ. ಜೊಲ್ಲು ಸುರಿಸುವುದು, ನುಂಗಲು ಕಷ್ಟಪಡುವುದು, ಬೊಗಳುವ ದನಿ ಬದಲಾಗುವುದು, ನಡಿಗೆ ತಪ್ಪುವುದು ಕಂಡರೆ ಯಾರೂ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ. ನಿಮ್ಮ ಮನೆಯಲ್ಲಿ ನಡೆದದ್ದಕ್ಕೆ ಬೇರೆ ಕಾರಣ ಎದ್ದು ಕಾಣುತ್ತಿದೆ, ನಿಜ. ಆದರೂ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಮನುಷ್ಯ ಬದುಕುಳಿಯುವುದು ತೀರ ಅಪರೂಪ. ಊಹೆಯ ಮೇಲೆ ಬಿಡುವ ವಿಷಯ ಇದಲ್ಲ.

ಈಗ ಕೆಂಚ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಅವನು ಕಚ್ಚಿದ್ದಲ್ಲ, ಅದಕ್ಕೂ ಮೊದಲು ಗುರುಗುಟ್ಟುವುದನ್ನು ನಿಲ್ಲಿಸಿದ್ದು. ಅದನ್ನು ನೀವು ಸುಧಾರಣೆ ಎಂದುಕೊಂಡಿರಿ. ಮನೆಗೆ ಅಪಾಯ ಬಂದದ್ದು ಆಗಲೇ. ಗುರುಗುಟ್ಟುವ ನಾಯಿ ‘ನನಗೆ ಭಯವಾಗುತ್ತಿದೆ, ದೂರ ಸರಿ’ ಎಂದು ಹೇಳುತ್ತಿರುತ್ತದೆ. ಹಾಗೆ ಹೇಳಿದಾಗಲೆಲ್ಲ ಕುತ್ತಿಗೆ ಬಿಗಿದರೆ ಹೇಳುವುದನ್ನು ಬಿಡುತ್ತದೆ. ಒಳಗಿನ ಭಯ ಹಾಗೇ ಉಳಿಯುತ್ತದೆ, ಜೊತೆಗೆ ಜನ ಹತ್ತಿರ ಬಂದರೆ ಕುತ್ತಿಗೆಗೆ ನೋವಾಗುತ್ತದೆ ಎಂಬ ಹೊಸ ಪಾಠವೂ ಸೇರಿಕೊಳ್ಳುತ್ತದೆ. ಬಾಯಿ ಮುಚ್ಚಿಸಿದರೆ ಕೆಮ್ಮಿನ ಸದ್ದು ನಿಂತೀತು, ಎದೆಯ ಕಫ ಹೋಗುವುದಿಲ್ಲ.

‘ಸದ್ದಿಲ್ಲದೆ ಕಚ್ಚಿದ’ ಎಂದು ಬರೆದಿದ್ದೀರಿ. ಸದ್ದು ಇರಲಿಲ್ಲ, ಆದರೆ ಸೂಚನೆ ಇದ್ದಿರಲೇಬೇಕು. ಮೂಳೆ ಕಡಿಯುತ್ತಿರುವ ನಾಯಿಯ ಬಳಿ ಒಬ್ಬರು ಬಗ್ಗಿದಾಗ ಏನಾಗುತ್ತದೆ ಎಂಬುದನ್ನು ಸಾವಕಾಶವಾಗಿ ನೋಡಿ. ಮೊದಲು ಅಗಿಯುವುದು ನಿಲ್ಲುತ್ತದೆ. ತಲೆ ಮೇಲೇಳುವ ಬದಲು ಮೂಳೆಯ ಮೇಲೆ ಇನ್ನಷ್ಟು ಬಾಗುತ್ತದೆ. ಬೆನ್ನು, ಭುಜ ಮರದಂತೆ ಸೆಟೆದುಕೊಳ್ಳುತ್ತವೆ. ಮುಖ ತಿರುಗಿಸದೆ ಕಣ್ಣನ್ನು ಮಾತ್ರ ಓರೆ ಮಾಡುವುದರಿಂದ ಕಣ್ಣಿನ ಬಿಳಿಭಾಗ ಅರ್ಧಚಂದ್ರದಂತೆ ಕಾಣುತ್ತದೆ. ತುಟಿಯ ಅಂಚು ಮುಂದಕ್ಕೆ ಬಿಗಿಯುತ್ತದೆ. ಇದೆಲ್ಲ ಎರಡು ಮೂರು ಕ್ಷಣದಲ್ಲಿ ಮುಗಿದುಹೋಗುತ್ತದೆ. ಮುಂಚೆ ಕೆಂಚ ಈ ಹಂತದಲ್ಲಿ ಗುರ್ ಎನ್ನುತ್ತಿದ್ದ, ನೀವು ಹಿಂದೆ ಸರಿಯುತ್ತಿದ್ದಿರಿ, ಕಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ. ಈಗ ಆ ಮೆಟ್ಟಿಲನ್ನು ಅವನು ಹಾರಿ ದಾಟುತ್ತಿದ್ದಾನೆ.

ಮೆಟ್ಟಿಲು ಎಂದದ್ದಕ್ಕೆ ಕಾರಣವಿದೆ. ಕೆಂಡಲ್ ಶೆಫರ್ಡ್ ಎಂಬ ಬ್ರಿಟಿಷ್ ಪಶುವೈದ್ಯೆ ನಾಯಿಯ ಈ ಸೂಚನೆಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ್ದಾರೆ. ಕೆಳಗಿನ ಮೆಟ್ಟಿಲಲ್ಲಿ ಕಣ್ಣು ಮಿಟುಕಿಸುವುದು, ಆಕಳಿಸುವುದು, ಮೂಗು ನೆಕ್ಕಿಕೊಳ್ಳುವುದು ಇವೆ. ಆಮೇಲೆ ಮುಖ ತಿರುಗಿಸುವುದು, ಮೈ ತಿರುಗಿಸುವುದು, ಎದ್ದು ಹೋಗುವುದು, ಕಿವಿ ಹಿಂದಕ್ಕೆ ಒತ್ತಿ ಮುದುರಿ ನಡೆಯುವುದು, ಬಾಲವನ್ನು ಕಾಲಸಂದಿಗೆ ಸೇರಿಸಿ ನಿಲ್ಲುವುದು, ಕಾಲೆತ್ತಿ ಮಲಗುವುದು ಬರುತ್ತವೆ. ಸೆಟೆದು ದಿಟ್ಟಿಸುವುದು, ಗುರುಗುಟ್ಟುವುದು, ಗಾಳಿಯಲ್ಲಿ ಬಾಯಿ ಹಾಕುವುದು ಅದರ ಮೇಲೆ. ಕಚ್ಚುವುದು ಕಟ್ಟಕಡೆಯದು. ಮನೆಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಮೇಲಿನ ಮೂರು ಮೆಟ್ಟಿಲು ಮಾತ್ರ. ಮಗು ಅಪ್ಪಿಕೊಂಡಾಗ ನಾಯಿ ಆಕಳಿಸಿದರೆ ‘ನಿದ್ದೆ ಬಂತು ಪಾಪ’ ಎಂದು ನಗುತ್ತೇವೆ. ಬಾಲ ಅಲ್ಲಾಡಿದರೆ ಖುಷಿ ಎಂದುಕೊಳ್ಳುತ್ತೇವೆ. ಸೊಂಟವನ್ನೂ ಸೇರಿಸಿ ಸಡಿಲವಾಗಿ ಬಾಲ ಬೀಸುವ ನಾಯಿ ಖುಷಿಯಲ್ಲಿದೆ. ಬಾಲವನ್ನು ಕೋಲಿನಂತೆ ನೆಟ್ಟಗೆ ಮೇಲೆತ್ತಿ ತುದಿಯನ್ನಷ್ಟೇ ಬಿರುಸಾಗಿ ಆಡಿಸುತ್ತಿದ್ದರೆ ಹತ್ತಿರ ಹೋಗಬೇಡಿ.

‘ಯಜಮಾನ ಯಾರೆಂದು ತೋರಿಸಿ’ ಎಂಬ ಉಪದೇಶ ನಮ್ಮಲ್ಲಿ ಇನ್ನೂ ಎಷ್ಟು ಗಟ್ಟಿಯಾಗಿದೆ ಎಂದರೆ, ಅದರ ಮೂಲವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬುವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿ ಬರೆದರು. ಸಂಬಂಧವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿದ್ದರಿಂದ ಅವು ಮೇಲುಗೈಗಾಗಿ ಕಾದಾಡುತ್ತಿದ್ದವು. ಅದನ್ನೇ ತೋಳದ ಸಹಜ ಬದುಕೆಂದು ತಿಳಿದು, ತೋಳದಿಂದ ನಾಯಿಗೂ ಹೊಂದಿಸಿ, ‘ಆಲ್ಫಾ’, ಎಂದರೆ ಬಲದಿಂದ ಗುಂಪನ್ನು ಆಳುವ ಯಜಮಾನ, ಎಂಬ ಕಲ್ಪನೆ ಬೆಳೆಯಿತು. 1970ರಲ್ಲಿ ಅದನ್ನು ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ಅಮೆರಿಕದ ತೋಳತಜ್ಞ ಡೇವಿಡ್ ಮೆಕ್, ಮುಂದೆ ಕಾಡಿನಲ್ಲೇ ತೋಳಗಳ ಜೊತೆ ಬೇಸಿಗೆಗಳನ್ನು ಕಳೆದು, ತೋಳದ ಗುಂಪೆಂದರೆ ಅಪ್ಪ, ಅಮ್ಮ ಮತ್ತು ಮಕ್ಕಳ ಕುಟುಂಬವೇ ಹೊರತು ಕಾದಾಡಿ ಗದ್ದುಗೆ ಹಿಡಿದವರ ಕೂಟವಲ್ಲ ಎಂದು 1999ರಲ್ಲಿ ಪ್ರಕಟಿಸಿದರು. ಆ ಮಾತು ನಮ್ಮ ಬಡಾವಣೆಗಳ ತರಬೇತುದಾರರನ್ನು ಇನ್ನೂ ಮುಟ್ಟಿಲ್ಲ.

ಪೆಟ್ಟಿನಿಂದ ಏನಾಗುತ್ತದೆ ಎಂಬುದಕ್ಕೂ ಆಧಾರವಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಗೆ ವರ್ತನೆಯ ತೊಂದರೆಗಾಗಿ ನಾಯಿ ತಂದವರನ್ನು ಕೇಳಿ ಮೇಘನ್ ಹೆರಾನ್ ಮತ್ತು ಸಂಗಡಿಗರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಯಿಗೆ ಹೊಡೆದವರು ಅಥವಾ ಒದ್ದವರಲ್ಲಿ ಶೇ. 43ರಷ್ಟು ಜನ, ನಾಯಿ ತಿರುಗಿಬಿತ್ತು ಎಂದು ಹೇಳಿದರು. ನಾಯಿಯ ಮುಖಕ್ಕೇ ಗುರುಗುಟ್ಟಿದವರಲ್ಲಿ ಈ ಪ್ರಮಾಣ ಶೇ. 41. ಚೋಕ್ ಚೈನನ್ನು ಈಗಲೇ ತೆಗೆದುಹಾಕಿ. ಆ ತರಬೇತಿಯನ್ನೂ ನಿಲ್ಲಿಸಿ.

ಇನ್ನು ಬೀದಿಯಲ್ಲಿನ ಎಗರಾಟ. ಅದು ನೋಡಲು ಭಯಂಕರ, ಆದರೆ ಕೆರಳುವುದು ಬೇರೆ, ಕಚ್ಚಲೆಂದೇ ಮೇಲೆ ಬೀಳುವುದು ಬೇರೆ. ಹೀಗೆ ಕೆರಳುವ ನಾಯಿಗಳಲ್ಲಿ ಬಹುಪಾಲು ಅಂಜುಬುರುಕ ನಾಯಿಗಳು. ಬೊಗಳಿದರೆ ಸ್ಕೂಟರ್ ದೂರ ಹೋಗುತ್ತದೆ. ಅದು ಹೇಗೂ ಹೋಗುತ್ತಿತ್ತು, ಆದರೆ ಕೆಂಚನ ಲೆಕ್ಕದಲ್ಲಿ ಅದು ಹೋದದ್ದು ತಾನು ಬೊಗಳಿದ್ದರಿಂದ. ಹೀಗೆ ದಿನಕ್ಕೆ ಹತ್ತಾರು ಬಾರಿ ಅವನ ಉಪಾಯ ಗೆಲ್ಲುತ್ತಿದೆ.

ಈ ಭಯದ ಬೇರು ಮರಿತನದಲ್ಲಿರಬಹುದು. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ನಾಯಿಮರಿಗಳನ್ನು ವರ್ಷಗಟ್ಟಲೆ ಗಮನಿಸಿ, ಸುಮಾರು 3ರಿಂದ 12 ವಾರಗಳ ನಡುವಿನ ಕಾಲ ಮರಿಗೆ ಎಷ್ಟು ನಿರ್ಣಾಯಕ ಎಂಬುದನ್ನು ತೋರಿಸಿಕೊಟ್ಟರು. ಆ ವಾರಗಳಲ್ಲಿ ನೆಮ್ಮದಿಯಾಗಿ ಕಂಡದ್ದು, ಕೇಳಿದ್ದು ಮರಿಗೆ ಲೋಕದ ಸಹಜ ಭಾಗವಾಗುತ್ತದೆ. ಆಗ ಕಾಣದೇ ಇದ್ದದ್ದು ಮುಂದೆ ಶಂಕೆ ಹುಟ್ಟಿಸುತ್ತದೆ. ಕೆಂಚ ನಿಮ್ಮ ಕೈಗೆ ಬಂದದ್ದೇ ನಾಲ್ಕು ತಿಂಗಳಿಗೆ, ಎಂದರೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದ ಮೇಲೆ. ಅದಕ್ಕೂ ಮುಂಚೆ ಯಾರಾದರೂ ಸ್ಕೂಟರಿನಿಂದ ಕಾಲು ಚಾಚಿ ಒದ್ದಿದ್ದರೆ ನಮಗೆ ತಿಳಿಯುವ ದಾರಿಯಿಲ್ಲ. ಇದು ನಿಮ್ಮ ತಪ್ಪೂ ಅಲ್ಲ, ಅವನ ತಪ್ಪೂ ಅಲ್ಲ.

ಹಗ್ಗವೂ ಕಷ್ಟವನ್ನು ಹೆಚ್ಚಿಸುತ್ತದೆ. ಬಿಡುಬೀಸಾಗಿ ಓಡಾಡುವ ಎರಡು ನಾಯಿಗಳು ಎದುರಾದರೆ ನೇರವಾಗಿ ನಡೆದು ಬರುವುದಿಲ್ಲ. ಬಿಲ್ಲಿನಂತೆ ಬಾಗಿದ ದಾರಿಯಲ್ಲಿ, ನೆಲ ಮೂಸುತ್ತ, ಪಕ್ಕದಿಂದ ಬರುತ್ತವೆ. ಇಷ್ಟವಾಗದಿದ್ದರೆ ಹೊರಟುಹೋಗುತ್ತವೆ. ಊರ ನಾಯಿಯ ರಕ್ತದಲ್ಲೇ ಈ ಜಾಣ್ಮೆ ಇದೆ, ದೂರ ಕಾಯ್ದುಕೊಂಡೇ ಅದರ ವಂಶ ಬದುಕಿ ಬಂದಿದೆ. ಅಂಥ ನಾಯಿಯನ್ನು ಮೂರಡಿ ಹಗ್ಗದಲ್ಲಿ ಹಿಡಿದು ಕಿರಿದಾದ ಅಡ್ಡರಸ್ತೆಯಲ್ಲಿ ಎದುರುಬದುರು ನಡೆಸಿದರೆ ಓಡುವ ದಾರಿ ಮುಚ್ಚಿದಂತೆ. ಉಳಿಯುವುದು ಎಗರುವುದೊಂದೇ.

ತರಬೇತಿಯ ಮಾತಿಗೆ ಮುಂಚೆ ಅವನನ್ನು ಪಶುವೈದ್ಯರಿಗೆ ಪೂರ್ತಿ ತೋರಿಸಿ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಬರೆದಂತೆ, ವರ್ತನೆಯ ತೊಂದರೆಗೆಂದು ತಜ್ಞರ ಬಳಿ ಬರುವ ನಾಯಿಗಳಲ್ಲಿ ಕಡಿಮೆಯೆಂದರೂ ಮೂರನೇ ಒಂದು ಪಾಲಿಗೆ ಯಾವುದೋ ನೋವು ಇರುತ್ತದೆ. ಕಿವಿಯೊಳಗಿನ ಸೋಂಕು, ಒಡೆದ ಹಲ್ಲು, ಸೊಂಟದ ಕೀಲು ನೋವು, ಥೈರಾಯ್ಡ್ ಕೊರತೆ, ಮಂಜಾಗುತ್ತಿರುವ ಕಣ್ಣು ಇವೆಲ್ಲ ನಾಯಿಯನ್ನು ಸಿಡುಕನನ್ನಾಗಿ ಮಾಡುತ್ತವೆ. ಮಲೆನಾಡಿನ ಸೆರಗಿನಲ್ಲಿರುವ ನಿಮ್ಮೂರಿನಲ್ಲಿ ಉಣ್ಣೆ ಕಾಟ ಇದ್ದೇ ಇದೆ. ಉಣ್ಣೆಜ್ವರ ಕೆಲವು ನಾಯಿಗಳಲ್ಲಿ ಕೀಲುಗಳಲ್ಲಿ ನೋವು ತರುತ್ತದೆ, ಆದ್ದರಿಂದ ರಕ್ತಪರೀಕ್ಷೆಯನ್ನೂ ಕೇಳಿ. ಮೂಳೆ ಕಡಿಯುವಾಗಲೇ ಹೆಚ್ಚು ಸಿಡುಕುತ್ತಾನೆ ಎಂದರೆ ಹಲ್ಲನ್ನು ವಿಶೇಷವಾಗಿ ನೋಡಿಸಿ. ಚೋಕ್ ಚೈನ್ ಜಗ್ಗಿದ್ದರಿಂದ ಕುತ್ತಿಗೆಗೆ ಪೆಟ್ಟಾಗಿದೆಯೇ ಎಂಬುದನ್ನೂ ಬಿಡಬೇಡಿ.

ಮನೆಯೊಳಗಿನ ಕ್ರಮ ಸುಲಭ, ಆದರೆ ಯಾರೂ ತಪ್ಪುವಂತಿಲ್ಲ. ಬೇಯಿಸಿದ ಮೂಳೆ ಚೂರಾಗಿ ಕರುಳು ಚುಚ್ಚುತ್ತದೆ, ಅದನ್ನು ಹೇಗೂ ಕೊಡಬಾರದು. ಊಟವನ್ನು ಜನರ ಓಡಾಟವಿಲ್ಲದ ಮೂಲೆಯಲ್ಲಿ, ಮಗಳು ಬರಲಾಗದಂತೆ ಬಾಗಿಲು ಹಾಕಿ ಕೊಡಿ. ತಿನ್ನುವಾಗ ತಟ್ಟೆಗೆ ಕೈ ಹಾಕಿ ‘ಅಭ್ಯಾಸ’ ಮಾಡಿಸುವ ಪದ್ಧತಿ ಬಹಳ ಮನೆಗಳಲ್ಲಿದೆ. ತಟ್ಟೆಗೆ ಬರುವ ಕೈ ಕಸಿಯುವ ಕೈ ಎಂಬ ಅನುಮಾನವನ್ನು ಅದೇ ಹುಟ್ಟಿಸುತ್ತದೆ. ಬದಲಿಗೆ ದೂರದಿಂದ ಹಾದುಹೋಗುವಾಗ ಬೇಯಿಸಿದ ಕೋಳಿಮಾಂಸದ ತುಂಡನ್ನು ತಟ್ಟೆಯ ಕಡೆಗೆ ಎಸೆದು, ನಿಲ್ಲದೆ ಮುಂದೆ ನಡೆಯಿರಿ. ಮಾಂಸಕ್ಕೆ ಈರುಳ್ಳಿ, ಬೆಳ್ಳುಳ್ಳಿ ಹಾಕಿರಬಾರದು, ಅವು ನಾಯಿಗೆ ವಿಷ. ಕೆಲವು ದಿನಗಳಲ್ಲಿ ನೀವು ಬರುವುದನ್ನು ಕಂಡು ಅವನು ತಲೆಯೆತ್ತಿ, ಮೈ ಸಡಿಲಿಸಿ ಎದುರುನೋಡತೊಡಗುತ್ತಾನೆ. ಹಾಗಾದ ಮೇಲೆಯೇ ಒಂದು ಹೆಜ್ಜೆ ಹತ್ತಿರ. ಬಾಯಲ್ಲಿರುವ ವಸ್ತು ಬೇಕಾದರೆ ಕಸಿಯದೆ ಅದಕ್ಕಿಂತ ರುಚಿಯಾದದ್ದನ್ನು ದೂರದಲ್ಲಿ ಹಾಕಿ, ಅವನು ಅಲ್ಲಿಗೆ ಹೋದ ಮೇಲೆ ಎತ್ತಿಕೊಳ್ಳಿ. ಮಾವನವರಿಗೆ ಇದನ್ನು ಮಗಳ ಎದುರಿನಲ್ಲೇ ವಿವರಿಸಿ. ಹಿರಿಯರು ಪಾಲಿಸುವುದನ್ನು ಕಂಡರೆ ಮಕ್ಕಳು ಬೇಗ ಕಲಿಯುತ್ತಾರೆ.

ಮಗಳ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಆರು ವರ್ಷದ ಮಗುವಿನ ಮುಖ ನಾಯಿಯ ಬಾಯಿಗೆ ಸುಲಭವಾಗಿ ಎಟಕುತ್ತದೆ, ಮಕ್ಕಳಿಗೆ ಬೀಳುವ ಕಡಿತಗಳು ಹೆಚ್ಚಾಗಿ ಪರಿಚಯದ ನಾಯಿಗಳಿಂದಲೇ, ತಲೆ ಮುಖದ ಮೇಲೇ. ಅವಳನ್ನೂ ಕೆಂಚನನ್ನೂ ಒಂದೇ ಕೋಣೆಯಲ್ಲಿ ಒಂದು ನಿಮಿಷವೂ ಹಾಗೇ ಬಿಡಬೇಡಿ. ದೊಡ್ಡವರು ಒಬ್ಬರು ಕೋಣೆಯಲ್ಲಿದ್ದರಷ್ಟೇ ಸಾಲದು, ಮೊಬೈಲ್ ಬದಿಗಿಟ್ಟು ನೋಡುತ್ತಿರಬೇಕು. ಮಲಗಿದಾಗ, ತಿನ್ನುವಾಗ ಅವನನ್ನು ಮುಟ್ಟಬಾರದು, ಅಪ್ಪಬಾರದು ಎಂದು ಅವಳಿಗೆ ಹೇಳಿಕೊಡಿ. ಮುಖ್ಯವಾಗಿ, ಅವನು ಮತ್ತೆ ಗುರುಗುಟ್ಟಲು ಶುರುಮಾಡಿದರೆ ಯಾರೂ ಗದರಬೇಡಿ. ಆ ಕ್ಷಣವೇ ದೂರ ಸರಿದು, ಅವನಿಗೆ ಏನು ಒಗ್ಗಲಿಲ್ಲ ಎಂದು ಯೋಚಿಸಿ. ಆ ದನಿ ಮರಳಿ ಬರುವುದು ಒಳ್ಳೆಯ ಸುದ್ದಿ.

ಹೊರಗಿನ ಅಭ್ಯಾಸಕ್ಕೆ ಹೆಚ್ಚು ತಾಳ್ಮೆ ಬೇಕು. ಎದೆಯ ಭಾಗದಲ್ಲಿ ಕೊಕ್ಕೆ ಇರುವ ಹಾರ್ನೆಸ್ (ಕುತ್ತಿಗೆಯ ಬದಲು ಎದೆ, ಬೆನ್ನಿಗೆ ತೊಡಿಸುವ ಪಟ್ಟಿ) ಮತ್ತು ಸುಮಾರು ಎಂಟು ಹತ್ತು ಅಡಿಯ ಗಟ್ಟಿ ಹಗ್ಗ ಕೊಳ್ಳಿ. ಎಲಾಸ್ಟಿಕ್ ಹಗ್ಗ ಬೇಡ. ಮೊದಲ ಕೆಲವು ದಿನ ಅಭ್ಯಾಸವೇ ಬೇಡ, ಗದ್ದಲವಿಲ್ಲದ ಹೊತ್ತಿನಲ್ಲಿ, ಖಾಲಿ ನಿವೇಶನಗಳಿರುವ ಕಡೆ ಮೂಸಿಕೊಂಡು ಓಡಾಡಲಿ. ಒಂದು ಹೆದರಿಕೆಯ ಕಾವು ಇಳಿಯುವ ಮುಂಚೆ ಇನ್ನೊಂದು ಬಂದರೆ ಅವು ಒಂದರ ಮೇಲೊಂದು ಪೇರುತ್ತವೆ. ಬೆಳಿಗ್ಗೆ ಗೇಟಿನಲ್ಲಿ ಕೊರಿಯರ್‌ನವರು, ಮಧ್ಯಾಹ್ನ ಪಕ್ಕದ ಮನೆಯ ಕೊರೆಯುವ ಯಂತ್ರ, ಸಂಜೆ ಎದುರು ನಾಯಿ ಹೀಗೆ ಆದ ದಿನ ಅವನು ಸಣ್ಣದಕ್ಕೂ ಸ್ಫೋಟಿಸುತ್ತಾನೆ. ದೀಪಾವಳಿಯ ವಾರದಲ್ಲಿ ಇದನ್ನು ನೀವು ನೋಡಿರಬಹುದು.

ಆಮೇಲೆ ಅಂತರ ಹುಡುಕಿ. ರಸ್ತೆ ದೂರದಲ್ಲಿ ಕಾಣುವ ಒಂದು ಮೈದಾನದಲ್ಲಿ ನಿಲ್ಲಿ. ಸ್ಕೂಟರ್ ಕಂಡಾಗ ಅವನು ಕಿವಿ ನಿಮಿರಿಸಿ ನೋಡಬೇಕು, ಆದರೆ ಕರೆದರೆ ತಿರುಗಬೇಕು, ಕೊಟ್ಟ ತಿಂಡಿ ತಿನ್ನಬೇಕು. ತಿಂಡಿಯನ್ನು ಮೂಸಿಯೂ ನೋಡದೆ ದಿಟ್ಟಿಸುತ್ತಿದ್ದರೆ ನೀವು ಇನ್ನೂ ಹತ್ತಿರ ಇದ್ದೀರಿ ಎಂದರ್ಥ, ಹಿಂದೆ ಸರಿಯಿರಿ. ಸರಿಯಾದ ಅಂತರ ಸಿಕ್ಕಿತೇ? ಸ್ಕೂಟರ್ ಕಾಣಿಸಿದ ಕೂಡಲೇ ಕೋಳಿಮಾಂಸದ ಕಾಳಿನಷ್ಟು ಚೂರು, ಅದು ಕಣ್ಮರೆಯಾಗುವ ತನಕ ಒಂದಾದ ಮೇಲೊಂದು. ಕಣ್ಮರೆಯಾದೊಡನೆ ತಿಂಡಿಯೂ ನಿಲ್ಲಬೇಕು. ಕ್ರಮ ತಿರುವುಮುರುವಾಗಬಾರದು: ಮೊದಲು ಸ್ಕೂಟರ್, ಆಮೇಲೆ ತಿಂಡಿ. ಅವನು ಕೂರಬೇಕಿಲ್ಲ, ಕೈ ಕೊಡಬೇಕಿಲ್ಲ, ವಿಧೇಯತೆಯ ಪರೀಕ್ಷೆ ಇದಲ್ಲ. ಸ್ಕೂಟರ್ ಕಂಡಾಗ ಹುಟ್ಟುವ ಭಾವನೆಯನ್ನೇ ಬದಲಿಸುತ್ತಿದ್ದೇವೆ. ಒಂದು ದಿನ ಸ್ಕೂಟರ್ ಕಂಡವನು ಬೊಗಳದೆ ನಿಮ್ಮ ಕೈಯತ್ತ ತಿರುಗುತ್ತಾನೆ. ಆಗ ನಾಲ್ಕು ಹೆಜ್ಜೆ ಹತ್ತಿರ ಹೋಗಬಹುದು. ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ಹೆಲ್ಮೆಟ್‌ನ ಅಭ್ಯಾಸವನ್ನು ಮನೆಯೊಳಗೇ ಮಾಡಬಹುದು: ನೆಲದ ಮೇಲಿಟ್ಟು, ಆಮೇಲೆ ಕೈಯಲ್ಲಿ ಹಿಡಿದು, ಕೊನೆಗೆ ಅವನ ಪ್ರೀತಿಯವರು ತಲೆಗೆ ಹಾಕಿಕೊಂಡು.

ನಮ್ಮ ಊರುಗಳ ದೊಡ್ಡ ತೊಡಕೆಂದರೆ ಎದುರಾಗುವ ಬೀದಿನಾಯಿಗಳು. ಅವುಗಳ ಓಣಿಗೆ ಕೆಂಚ ಹೊರಗಿನವನು. ಕಿವಿಯಂಚಿನಲ್ಲಿ ಕತ್ತರಿಸಿದ ಗುರುತಿದ್ದರೆ ಅವಕ್ಕೆ ಸಂತಾನಹರಣ ಆಗಿದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ಅವನ್ನು ಮರಳಿ ಬಿಡಬೇಕು. ಅವು ಓಡಿಬಂದರೆ ಓಡಬೇಡಿ, ಕಲ್ಲು ಎತ್ತಬೇಡಿ, ಹಗ್ಗವನ್ನು ಬಿಗಿದು ಮೇಲೆಳೆಯಬೇಡಿ. ಕೆಂಚನನ್ನು ಬೆನ್ನಹಿಂದೆ ಮಾಡಿಕೊಂಡು, ಒಂದು ಹಿಡಿ ತಿಂಡಿಯನ್ನು ಅವುಗಳತ್ತ ನೆಲದ ಮೇಲೆ ಚೆಲ್ಲಿ, ಬಾಗಿದ ದಾರಿಯಲ್ಲಿ ಹಿಂದಿರುಗಿ. ಯಾವ ಓಣಿಯಲ್ಲಿ ಯಾವ ಹೊತ್ತಿಗೆ ಅವು ಇರುತ್ತವೆ ಎಂದು ತಿಳಿದು ದಾರಿ ಬದಲಿಸಿ. ಕಷ್ಟದ ದಿನ ನಡಿಗೆಯನ್ನೇ ಬಿಟ್ಟು ಅಂಗಳದಲ್ಲಿ ತಿಂಡಿ ಬಚ್ಚಿಟ್ಟು ಹುಡುಕಿಸಿದರೂ ನಷ್ಟವಿಲ್ಲ.

ಕಚ್ಚಿದ ಇತಿಹಾಸವಿರುವ ನಾಯಿಗೆ ಮಝಲ್ (ಕಚ್ಚದಂತೆ ಮೂತಿಗೆ ತೊಡಿಸುವ ಕುಕ್ಕೆ) ಅಭ್ಯಾಸ ಮಾಡಿಸಲೇಬೇಕು. ಬಟ್ಟೆಯ ಬಿಗಿ ಪಟ್ಟಿ ಬೇಡ, ಅದು ಬಾಯಿ ತೆರೆದು ಏದುಸಿರು ಬಿಡಲು ಅಡ್ಡಿ. ನಮ್ಮ ಸೆಖೆಯಲ್ಲಿ ಅಪಾಯ. ಬುಟ್ಟಿಯ ಆಕಾರದ್ದನ್ನು ಕೊಳ್ಳಿ. ಅದರೊಳಗೆ ಮೊಸರು ಸವರಿ, ತಾನಾಗಿ ಮೂತಿ ಹಾಕುವುದನ್ನು ಕಲಿಸಿ, ವಾರಗಳ ಮೇಲೆ ಪಟ್ಟಿ ಕಟ್ಟಿ.

ಇಷ್ಟಕ್ಕೂ ಜಗ್ಗದ ಭಯವಿದ್ದರೆ ಔಷಧ ಇದೆ. ಆತಂಕ ತಗ್ಗಿಸುವ ಫ್ಲುವೊಕ್ಸೆಟಿನ್‌ನಂಥ ಔಷಧಗಳನ್ನು ಪಶುವೈದ್ಯರು ಬರೆದುಕೊಡುತ್ತಾರೆ. ಪೂರ್ಣ ಪರಿಣಾಮಕ್ಕೆ ನಾಲ್ಕರಿಂದ ಆರು ವಾರ ಹಿಡಿಯಬಹುದು. ಅವು ನಾಯಿಯನ್ನು ಮಂಕು ಮಾಡಲಿಕ್ಕಲ್ಲ, ಕಲಿಯುವಷ್ಟು ನೆಮ್ಮದಿ ಕೊಡಲಿಕ್ಕೆ. ಮನುಷ್ಯರ ಮಾತ್ರೆಯನ್ನು ನೀವೇ ಕೊಡಬೇಡಿ. ಸಂತಾನಹರಣ ಮಾಡಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅಲೆದಾಟ, ಗಂಡುನಾಯಿಗಳ ಜಗಳ ಕಡಿಮೆಯಾಗಬಹುದು, ಆದರೆ ಭಯದಿಂದ ಕೆರಳುವುದಕ್ಕೆ ಅದು ಮದ್ದಲ್ಲ.

ನಿಮ್ಮ ನೆಂಟರ ಮಾತಿಗೆ ಬರುತ್ತೇನೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಆಧರಿಸಿದ ಅಧ್ಯಯನವೊಂದು ಪ್ರಕಟವಾಯಿತು. ನಾಯಿ ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ. ಎಷ್ಟು ಬೇಗ ಕೆರಳುತ್ತದೆ ಎಂಬ ಗುಣವನ್ನು ತಳಿ ನೋಡಿ ಹೇಳಲು ಹೆಚ್ಚುಕಡಿಮೆ ಸಾಧ್ಯವೇ ಇಲ್ಲ ಎಂದೂ ಅದರಲ್ಲಿ ಕಂಡುಬಂತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಉಗ್ರವೆಂದು ಪಟ್ಟಿ ಮಾಡಿ ಹೊರಡಿಸಿದ್ದ ಸುತ್ತೋಲೆಯನ್ನು ನಮ್ಮ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಲ್ಯಾಬ್ರಡಾರ್ ತಂದಿದ್ದರೂ ನಾಲ್ಕು ತಿಂಗಳು ಹೆದರಿಸಿ, ಕೊರಳಿಗೆ ಚೋಕ್ ಚೈನ್ ಹಾಕಿ ಜಗ್ಗಿದ್ದರೆ ಅದೂ ಹೀಗೇ ಮಾಡಬಹುದಿತ್ತು.

ಎಲ್ಲಾದರೂ ಬಿಟ್ಟುಬರುವುದು ಬೇಡವೇ ಬೇಡ. ಸಾಕಿದ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮನೆಯಲ್ಲಿ ಬೆಳೆದವನನ್ನು ಗೊತ್ತಿಲ್ಲದ ಓಣಿಯ ನಾಯಿಗಳು ಸೀಳಿಹಾಕುತ್ತವೆ, ಅಥವಾ ಹೆದರಿದ ಅವನು ಇನ್ನೊಬ್ಬರ ಮಗುವನ್ನು ಕಚ್ಚುತ್ತಾನೆ. ಕೆಂಚ ಕೆಟ್ಟವನಲ್ಲ. ಯಾವಾಗ ಕೆರಳುತ್ತಾನೆ ಎಂಬುದು ನಿಮಗೆ ಗೊತ್ತಿದೆ, ಅಂಥ ನಾಯಿಯ ಜೊತೆ ಬದುಕುವುದನ್ನು ಕಲಿಯಬಹುದು. ಆದರೆ ಒಂದು ಪ್ರಶ್ನೆಗೆ ಮನೆಯವರೆಲ್ಲ ಕುಳಿತು ಪ್ರಾಮಾಣಿಕವಾಗಿ ಉತ್ತರ ಕಂಡುಕೊಳ್ಳಿ: ಮಗಳನ್ನೂ ಅವನನ್ನೂ ಪ್ರತಿದಿನ, ಹಬ್ಬದ ಗಲಾಟೆಯ ದಿನವೂ, ಬಾಗಿಲು ಅಥವಾ ಅಡ್ಡಗೇಟಿನಿಂದ ಬೇರೆ ಇಡಲು ನಿಮ್ಮಿಂದ ಆಗುತ್ತದೆಯೇ? ಆಗುತ್ತದೆ ಎಂದಾದರೆ ಇಟ್ಟುಕೊಳ್ಳಿ. ಆಗದು ಎಂದಾದರೆ ಮಕ್ಕಳಿಲ್ಲದ, ನಾಯಿ ಅರಿತ ಮನೆಯೊಂದನ್ನು ಹುಡುಕಿ. ಆ ಮನೆಯವರಿಗೆ ಅವನು ಕಚ್ಚಿದ್ದನ್ನೂ ಗುರುಗುಟ್ಟುವುದನ್ನು ಏಕೆ ಬಿಟ್ಟ ಎಂಬುದನ್ನೂ ಮುಚ್ಚಿಡದೆ ಬರೆದುಕೊಟ್ಟು ಒಪ್ಪಿಸಿ.